ನಲವತ್ತೊಂದು ಕಾಲಮ್ಮಿನ ಬೈಕು

ಒಬ್ಬ ಮನುಷ್ಯ ತನ್ನ ಸ್ವಂತ ಬೆನ್ನಿಗೆ, ತನ್ನ ಸ್ವಂತ ಮಂಡಿಗೆ ಒಗ್ಗುವ ಬೈಕೊಂದನ್ನು ಆರಿಸಿಕೊಳ್ಳಬೇಕಾದರೆ ಊರೆಲ್ಲ ಅಭಿಪ್ರಾಯ ಹೇಳಬೇಕೇ? ಜರ್ಮನಿಯ ಬಿಬೆರಾಖ್ ಪಟ್ಟಣದ ಡೀಟ್‌ಮಾರನನ್ನು ಕೇಳಿದ್ದರೆ ಖಂಡಿತ ಬೇಡ ಅನ್ನುತ್ತಿದ್ದ. ಆದರೆ ಅವನನ್ನು ಯಾರೂ ಕೇಳಲಿಲ್ಲ. ಎಲ್ಲರೂ ಬರೀ ಹೇಳಿದರು. ಹೆಂಡತಿ ಹೇಳಿದಳು, ನಾದಿನಿ ಹೇಳಿದಳು, ಬೆನ್ನಿನ ಡಾಕ್ಟರು ಹೇಳಿದರು, ಒಂದು ಸೈಕಲ್ಲನ್ನೂ ನೆಟ್ಟಗೆ ಓಡಿಸಲು ಬಾರದ ಪಕ್ಕದ ಮನೆಯವನೂ ಬೇಲಿಯ ಮೇಲೆ ಮೊಣಕೈ ಊರಿ ಹೇಳಿದ.

ಡೀಟ್‌ಮಾರ್ ಸಾಮಾನ್ಯ ಆಸಾಮಿಯಲ್ಲ. ಮೂವತ್ನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ಹೋದ ಅಕ್ಟೋಬರಿನಲ್ಲಷ್ಟೇ ನಿವೃತ್ತನಾದವನು. ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಸೇಜು ಮಾರುವ ಕಟುಕರ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಮೂರು ಗ್ರಾಂ ಕಡಿಮೆ ತೂಗಿದ ತಕ್ಕಡಿಗೆ ಬೀಗಮುದ್ರೆ ಹಾಕಿದ ಕೈ ಅದು. ಅಂಥವನು ಬೈಕನ್ನು ಕಣ್ಣಂದಾಜಿನಲ್ಲಿ ಕೊಳ್ಳುತ್ತಾನೆಯೇ? ಚಳಿಗಾಲವಿಡೀ ಕೂತು ಒಂದು ಪಟ್ಟಿ ತಯಾರಿಸಿದ. ಹನ್ನೊಂದು ಬೈಕು, ನಲವತ್ತೊಂದು ಕಾಲಮ್ಮು. ಸೀಟಿನ ಎತ್ತರ, ಟ್ಯಾಂಕು ತುಂಬಿದರೆ ಎಷ್ಟು ದೂರ, ಪಕ್ಕದ ಪೆಟ್ಟಿಗೆಗಳಲ್ಲಿ ಎಷ್ಟು ಲೀಟರು ಜಾಗ, ಹಿಡಿಕೆ ಬಿಸಿಯಾಗಲು ಎಷ್ಟು ಸೆಕೆಂಡು, ಗಾಳಿತಡೆಯನ್ನು ಏರಿಸಿದರೆ ಕಿವಿಯ ಹತ್ತಿರ ಗಾಳಿ ಎಷ್ಟು ಬೀಸುತ್ತದೆ, ಎಲ್ಲವೂ. ಪಟ್ಟಿ ಊಟದ ಮೇಜನ್ನು ಪೂರ್ತಿ ಆಕ್ರಮಿಸಿದ್ದರಿಂದ ಹೆಂಡತಿ ರೋಸ್‌ವಿತಾ ಐದು ತಿಂಗಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉಂಡಳು. (ಮೇಜಿಗಾಗಿ ಅವಳು ಜಗಳ ಆಡಲಿಲ್ಲ. ಅವಳಿಗೂ ತನ್ನದೇ ಒಂದು ಲೆಕ್ಕವಿದೆ ಎಂದು ಆಗಲೇ ಅವನಿಗೆ ಅನುಮಾನ ಬರಬೇಕಿತ್ತು.)

ಇಷ್ಟೆಲ್ಲ ಯಾಕೆಂದರೆ, ಜೂನಿನಲ್ಲಿ ಅವರ ಮದುವೆಗೆ ನಲವತ್ತು ವರ್ಷ. ಮದುವೆಯ ಮಾರನೆಯ ದಿನ ಡೀಟ್‌ಮಾರ್ ಒಂದು ಸಣ್ಣ ಹಳೇ ಬೈಕಿನ ಹಿಂದೆ ರೋಸ್‌ವಿತಾಳನ್ನು ಕೂರಿಸಿಕೊಂಡು ಆಸ್ಟ್ರಿಯಾದ ತಿರೋಲ್ ಪ್ರಾಂತ್ಯದ ಲೆಖ್ ಕಣಿವೆ ಹತ್ತಿ, ಅದರ ತುದಿಯ ವಾರ್ಟ್ ಎಂಬ ಊರಿಗೆ ಕರೆದುಕೊಂಡು ಹೋಗಿದ್ದ. ದಾರಿಯುದ್ದಕ್ಕೂ ಅವಳು ಅವನ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದಳು. ಅಂಥ ಹಿಡಿತ ಆಮೇಲಿನ ನಲವತ್ತು ವರ್ಷದಲ್ಲಿ ಅವನಿಗೆ ಮತ್ತೆ ಸಿಕ್ಕಿರಲಿಲ್ಲ. ಈಗ ಅದೇ ರಸ್ತೆ, ಅದೇ ಹೆಂಡತಿ, ಅದೇ ಹೋಟೆಲು ಆಗಬೇಕು. ಬೈಕು ಮಾತ್ರ ಬೇರೆ. ಓಟದ ಬೈಕಿನ ಆವೇಶವೂ ಇರಬೇಕು, ದೂರ ಪ್ರಯಾಣದ ಬೈಕಿನ ಸಮಾಧಾನವೂ ಇರಬೇಕು. ಸ್ಪೋರ್ಟ್ ಟೂರಿಂಗ್ ಅನ್ನುತ್ತಾರಲ್ಲ, ಅದು. ವಾರ್ಟಿನಲ್ಲಿ ಹದಿನಾಲ್ಕು ಜನ ನೆಂಟರಿಗೆ ಮಧ್ಯಾಹ್ನದ ಊಟಕ್ಕೆ ಮೇಜು ಹೇಳಿಯಾಗಿತ್ತು. "ಒಂದು ಗಂಟೆಗೆ ಸರಿಯಾಗಿ, ಇವಳನ್ನ ಹಿಂದೆ ಕೂರಿಸಿಕೊಂಡು ಬಾಗಿಲಿಗೇ ಬಂದು ಇಳೀತೀನಿ, ನೋಡ್ತಿರಿ," ಎಂದು ಅವನು ಒಬ್ಬೊಬ್ಬರಿಗೂ ಫೋನು ಮಾಡಿ ಸಾರಿದ್ದ.

ಮಾರ್ಚಿನಲ್ಲಿ ಶೊಯ್ಫೆಲೆಯವರ ಬೈಕ್ ಶೋರೂಮಿಗೆ ಹೋದರು. ರೋಸ್‌ವಿತಾ ಸೀದಾ ಹೋಗಿ ಒಂದು ಬೂದು ಬಣ್ಣದ ಬೈಕಿನ ಹಿಂದಿನ ಸೀಟು ಹತ್ತಿ, ಚೀಲದಿಂದ ಪುಸ್ತಕ ತೆಗೆದು ಓದುತ್ತಾ ಕೂತಳು. ಇಪ್ಪತ್ತು ನಿಮಿಷವಾದರೂ ಇಳಿಯಲಿಲ್ಲ.

"ಏನೇ ಇದು? ಇದೇನು ಲೈಬ್ರರಿನಾ?"

"ನಾಲ್ಕು ಗಂಟೆ ಕೂರೋಳು ನಾನು. ನಿನ್ನ ಪಟ್ಟೀಲಿ ನನ್ನ ಸೊಂಟಕ್ಕೆ ಒಂದು ಕಾಲಮ್ಮಿದೆಯಾ?"

ಇರಲಿಲ್ಲ. ಡೀಟ್‌ಮಾರ್ ಆಚೆ ನಿಂತಿದ್ದ ಕೆಂಪು ಬೈಕಿನತ್ತ ನಡೆದ. ನಲವತ್ತೊಂದು ಕಾಲಮ್ಮಿನಲ್ಲೂ ಗೆದ್ದು ಬಂದ ಸಾರ್ವಭೌಮ ಅದು. ಶೊಯ್ಫೆಲೆ ಕೀಲಿ ತಿರುಗಿಸಿದರು. ಗಾಜಿನ ಗೋಡೆಗಳು ನಡುಗಿದವು, ಗಲ್ಲಾದ ಮೇಲಿದ್ದ ಕಾಫಿ ಲೋಟ ಒಂದು ಬೆರಳು ಸರಿಯಿತು. ಡೀಟ್‌ಮಾರನ ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಎಷ್ಟು ಸದ್ದು ಮಾಡುತ್ತೋ ಇದು!" ಎಂದಳು ರೋಸ್‌ವಿತಾ.

"ಸದ್ದಲ್ಲ ಕಣೇ. ನಾದ."

ನಾದಿನಿ ಉಲ್ರಿಕೆ ಕೂಡ ಬಂದಿದ್ದಳು. (ಕರೆದವರು ಯಾರು ಅನ್ನುವುದು ಇನ್ನೂ ಗೊತ್ತಾಗಿಲ್ಲ.) ಹದಿನಾರು ವರ್ಷದಿಂದ ಅವಳು ಓಡಿಸುತ್ತಿರುವ ಬೈಕಿಗೆ ಡೀಟ್‌ಮಾರ್ 'ನಿದ್ದೆಮಾತ್ರೆ' ಎಂದು ಹೆಸರಿಟ್ಟಿದ್ದ. "ಬೂದೀದು ತಗೋ ಡೀಟ್‌ಮಾರ್. ಅಕ್ಕ ಆರಾಮಾಗಿ ಕೂತಿದ್ದಾಳೆ, ಕಾಣ್ಸಲ್ವಾ?" ಎಂದಳು.

"ಬೂದೀದು ಕಸಗುಡಿಸೋ ಮೆಷೀನು!"

ಶೊಯ್ಫೆಲೆ ಕೆಮ್ಮಿ, ಬಹಳ ಮೆತ್ತಗೆ ಒಂದು ಪ್ರಶ್ನೆ ಕೇಳಿದರು: "ನೀವು ತಿರೋಲ್ ಕಡೆಗೇನಾದ್ರೂ ಹೋಗೋರಿದ್ದೀರಾ?"

ಡೀಟ್‌ಮಾರನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಡಿಯವನಿಗೆ ಗಿರಾಕಿಯ ಊರೂರಿನ ಲೆಕ್ಕ ಯಾಕೆ? ಬೈಕಿನ ಜೊತೆ ಇನ್ನೊಂದು ಸಾಮಾನಿನ ಪೆಟ್ಟಿಗೆಯನ್ನೂ ತಲೆಗೆ ಕಟ್ಟಲು ಹೊಂಚು ಹಾಕುತ್ತಿದ್ದಾನೆ, ಅಷ್ಟೇ. "ನಾನು ಎಲ್ಲಾ ಕಡೆಗೂ ಹೋಗೋನು ಸ್ವಾಮಿ. ನೀವು ಕಾಗದಪತ್ರ ತಯಾರಿಸಿ," ಎಂದ. ಶೊಯ್ಫೆಲೆ ತಯಾರಿಸಿದರು.

ಆ ದಿನ ಬಂತು. ಜೂನಿನ ಸ್ವಚ್ಛ ಬೆಳಗ್ಗೆ, ಮುಂದೆ ಕೆಂಪು ಬೈಕು, ಹಿಂದೆ ಉಲ್ರಿಕೆಯ ನಿದ್ದೆಮಾತ್ರೆ. ರೋಸ್‌ವಿತಾಳ ಕೈ ಗಂಡನ ಸೊಂಟದ ಮೇಲೆಯೇ ಇತ್ತು. ಹಿಡಿತ ಅಷ್ಟೇನೂ ಬಿಗಿಯಿರಲಿಲ್ಲ, ಆದರೆ ಕಣಿವೆ ಹತ್ತತೊಡಗಿದ ಮೇಲೆ ಬಿಗಿಯಾಗುತ್ತದೆ ಎಂದು ಅವನು ಎಣಿಸಿದ್ದ. ಗಡಿ ದಾಟಿ ಲೆಖ್ ಕಣಿವೆಯ ಬಾಯಿಗೆ ಬಂದಾಗ ಹನ್ನೊಂದೂವರೆ. ಅಲ್ಲಿ ರಸ್ತೆ ಪಕ್ಕ ನಿಂತಿದ್ದ ಒಬ್ಬ ಯುವ ಪೊಲೀಸಿನವನು ಕೈ ಅಡ್ಡ ಹಿಡಿದ.

"ಗ್ರೂಸ್ ಗಾಟ್, ನಮಸ್ಕಾರ. ನೋಂದಣಿ ಪತ್ರ ಕೊಡ್ತೀರಾ?"

ಡೀಟ್‌ಮಾರ್ ಸಂತೋಷದಿಂದಲೇ ಕೊಟ್ಟ. ತನ್ನ ಕಾಗದಪತ್ರಗಳಲ್ಲಿ ಲೋಪ ಹುಡುಕುವವನು ಇನ್ನೂ ಹುಟ್ಟಿಲ್ಲ ಎಂಬುದು ಅವನ ಭಾವನೆ. ಪೊಲೀಸಿನವನು ಪತ್ರದ ಮೂಲೆಯ ಒಂದು ಪುಟ್ಟ ಚೌಕದ ಮೇಲೆ ಬೆರಳಿಟ್ಟ.

"ತೊಂಬತ್ತೆಂಟು ಡೆಸಿಬೆಲ್. ಬೇಸಿಗೆಯಲ್ಲಿ ಈ ರಸ್ತೆಗೆ ತೊಂಬತ್ತೈದರ ಮೇಲಿನ ಬೈಕು ಬಿಡೋ ಹಾಗಿಲ್ಲ. ನಿಂತಲ್ಲೇ ಮಾಡೋ ಸದ್ದಿನ ಲೆಕ್ಕ ಇದು. ಬೋರ್ಡು ನೋಡ್ಲಿಲ್ವಾ?"

"ನಾನು ಮೆತ್ತಗೆ ಓಡಿಸ್ತೀನ್ರೀ! ಬೇಕಾದ್ರೆ ತಳ್ಕೊಂಡು ಹೋಗ್ತೀನಿ!"

"ಮೆತ್ತಗೆ ಓಡಿಸಿದ್ರೂ ಅಷ್ಟೇ. ಪತ್ರದಲ್ಲಿರೋ ಅಂಕಿ ಮುಖ್ಯ."

"ಬರೀ ಮೂರು! ಮೂರು ಹೆಚ್ಚಾದ್ರೆ ಏನು ಆಕಾಶ ಕಳಚಿ ಬೀಳುತ್ತಾ?"

ಈ ಮಾತು ಬಾಯಿಂದ ಹೊರಬಿದ್ದ ಕೂಡಲೇ ಡೀಟ್‌ಮಾರನಿಗೆ ಮೈ ಝುಂ ಅಂದಿತು. ಮೂವತ್ನಾಲ್ಕು ವರ್ಷ ಕಟುಕರು ಅವನ ಮುಂದೆ ಕೈಮುಗಿದು ಆಡಿದ ಮಾತೇ ಇದು. ಅವರಲ್ಲಿ ಒಬ್ಬನನ್ನೂ ಅವನು ಬಿಟ್ಟಿರಲಿಲ್ಲ. ಆದರೂ ಸಿಟ್ಟು ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು.

ಪೊಲೀಸಿನವನು ಹಿಂದೆ ನಿಂತಿದ್ದ ಉಲ್ರಿಕೆಯ ಪತ್ರ ನೋಡಿದ. "ಎಂಬತ್ತೊಂಬತ್ತು. ನೀವು ಹೋಗಬಹುದು ಮೇಡಂ."

ರೋಸ್‌ವಿತಾ ಕೆಂಪು ಬೈಕಿನಿಂದ ಇಳಿದಳು.

"ಎಲ್ಲಿಗೆ?" ಎಂದ ಡೀಟ್‌ಮಾರ್.

"ಹೋಟೆಲಿನ ಒಲೆ ಎರಡು ಗಂಟೆಗೆ ಆರುತ್ತೆ. ಅಲ್ಲಿ ಹದಿನಾಲ್ಕು ಜನ ಕಾಯ್ತಿದ್ದಾರೆ, ಒಬ್ಬರಿಗೆ ತೊಂಬತ್ತೊಂದು ವರ್ಷ. ಮದುವೆ ದಿನದ ಊಟಕ್ಕೆ ಗಂಡ ಹೆಂಡತೀಲಿ ಒಬ್ಬರಾದ್ರೂ ಇರಬೇಡ್ವಾ?"

"ನನ್ನನ್ನ ಇಲ್ಲೇ ಬಿಟ್ಟು ಹೋಗ್ತೀಯಾ?"

"ನಾನೆಲ್ಲಿ ಬಿಟ್ಟೆ? ನಿನ್ನ ನಾದ ಬಿಡ್ತಿಲ್ಲ."

ನಿದ್ದೆಮಾತ್ರೆ ಸದ್ದಿಲ್ಲದೆ ಹೊರಟು ತಿರುವಿನಲ್ಲಿ ಮರೆಯಾಯಿತು. ರೋಸ್‌ವಿತಾಳ ಎರಡು ಕೈಯೂ ತಂಗಿಯ ಸೊಂಟ ಸುತ್ತಿದ್ದವು. ಬಿಗಿಯಾಗಿ. ಅಳತೆಯ ಕಣ್ಣಿನ ಡೀಟ್‌ಮಾರನಿಗೆ ಅದು ಅಷ್ಟು ದೂರದಿಂದಲೂ ಕಂಡಿತು.

ಉಳಿದದ್ದು ಒಂದೇ ದಾರಿ. ಐವತ್ತು ಕಿಲೋಮೀಟರ್ ಹೋಗುವ ಬದಲು ವಾಪಸು ಜರ್ಮನಿಗೆ ಇಳಿದು, ಪಶ್ಚಿಮದ ಬೆಟ್ಟಗಳನ್ನು ಬಳಸಿ, ವಾರ್ಟಿಗೆ ಹಿಂಬಾಗಿಲಿನಿಂದ ಹತ್ತಬೇಕು. ಅದು ನೂರ ಅರವತ್ತು ಕಿಲೋಮೀಟರ್. ಮೊದಲ ಮೂವತ್ತನ್ನು ಅವನು ಹೆಲ್ಮೆಟ್ಟಿನೊಳಗೆ ಎಲ್ಲರನ್ನೂ ಬೈಯುತ್ತಾ ಕಳೆದ. ಪೊಲೀಸಿನವನನ್ನು, ತಿರೋಲನ್ನು, ಸರಿಯಾಗಿ ಬಾಯಿ ಬಿಟ್ಟು ಹೇಳದ ಶೊಯ್ಫೆಲೆಯವರನ್ನು, ಹುಟ್ಟಿದ್ದಕ್ಕಾಗಿ ಉಲ್ರಿಕೆಯನ್ನು ಬೈದ. ಆಮೇಲೆ ಒಂದು ತಿರುವು ಬಂತು. ಬೈಕು ತಾನಾಗಿಯೇ ವಾಲಿತು, ತಾನಾಗಿಯೇ ಎದ್ದಿತು. ಇನ್ನೊಂದು ತಿರುವು. ಹುಲ್ಲುಗಾವಲಿನ ವಾಸನೆ, ಕೆಳಗೆ ಹೊಳೆ, ರಸ್ತೆಯ ಮೇಲೆ ಒಂದೇ ಒಂದು ಕಾರಿಲ್ಲ. ಹೆಂಡತಿ ಹಿಂದಿದ್ದರೆ "ಮೆತ್ತಗೆ, ಮೆತ್ತಗೆ" ಎಂದು ಬೆನ್ನು ಕುಟ್ಟುತ್ತಿದ್ದಳು. ಈಗ ಕುಟ್ಟುವವರಿಲ್ಲ. ಅರವತ್ನಾಲ್ಕು ವರ್ಷದ ಮನುಷ್ಯ ಗಟ್ಟಿಯಾಗಿ "ಹೋ!" ಎಂದು ಕೂಗಿದ. ಹಸುಗಳು ತಲೆಯೆತ್ತಿ ನೋಡಿದವು.

ಮೂರೂಕಾಲಿಗೆ ವಾರ್ಟ್ ತಲುಪಿದ. ನೆಂಟರೆಲ್ಲ ಹೋಟೆಲಿನ ಅಂಗಳದಲ್ಲಿ ಕಾಫಿ ಮುಗಿಸಿ, ಸಾವಿನ ಮನೆಯವರಂತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅಲ್ಲಿಯವರೆಗೆ ಅವರೆಲ್ಲ ಅವನ ಪರವಾಗಿದ್ದರು. ಪಾಪ ಡೀಟ್‌ಮಾರ್, ಎಂಥ ಅನ್ಯಾಯ, ಎಂದು ತೊಂಬತ್ತೊಂದು ವರ್ಷದ ಅತ್ತೆಮ್ಮ ಎರಡು ಸಲ ಕಣ್ಣೊರೆಸಿಕೊಂಡಿದ್ದಳು. ರೋಸ್‌ವಿತಾ ಅವನಿಗಾಗಿ ಹುರಿದ ಮಾಂಸದ ತಟ್ಟೆಯೊಂದನ್ನು ಮುಚ್ಚಿಡಿಸಿ, ತಾನೂ ಸರಿಯಾಗಿ ಊಟ ಮಾಡದೆ, ಗೇಟಿನ ಬಳಿಯೇ ನಿಂತಿದ್ದಳು. ಅವಳ ಕಣ್ಣು ಕೆಂಪಗಿತ್ತು. ಡೀಟ್‌ಮಾರ್ ಬೈಕು ನಿಲ್ಲಿಸಿ, ಹೇಳಬೇಕೆಂದು ದಾರಿಯಲ್ಲಿ ಹೊಂದಿಸಿಟ್ಟುಕೊಂಡಿದ್ದ ಆಕ್ರೋಶದ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡು ಹೆಲ್ಮೆಟ್ಟು ತೆಗೆದ. ಮುಖದ ಮೇಲಿದ್ದ ನಗೆಯನ್ನು ತೆಗೆಯಲು ಮರೆತಿದ್ದ.



"ನಗ್ತಾ ಇದ್ದೀಯಲ್ಲೋ!" ಎಂದಳು ರೋಸ್‌ವಿತಾ.

"ಇಲ್ಲ ಕಣೇ... ಬಿಸಿಲಿಗೆ ಮುಖ ಹಾಗೆ..."

"ಹಲ್ಲೆಲ್ಲ ಕಾಣೋ ಹಾಗೆ ಬಿಸಿಲಾ? ನಾನು ಇಲ್ಲಿ ಒಬ್ಬಳೇ ಮದುಮಗಳ ಥರ ಕೂತು ಎಲ್ಲರ ಹತ್ರ ಅಯ್ಯೋ ಪಾಪ ಅನ್ನಿಸ್ಕೊಂಡೆ. ಎಲ್ಲಿ ಬಿದ್ದಿದ್ದಾನೋ ಅಂತ ಮೂರು ಸಲ ಫೋನು ಮಾಡ್ದೆ. ನೀನು ನಗ್ತಾ ಬರ್ತಿದ್ದೀಯ!"

ಹದಿನಾಲ್ಕು ಜೊತೆ ಕಣ್ಣುಗಳು ಪಕ್ಷ ಬದಲಿಸಿದವು. ಅನ್ಯಾಯಕ್ಕೊಳಗಾದವನು ತಾನು, ಸಿಟ್ಟು ನ್ಯಾಯವಾಗಿ ತನ್ನದು ಎಂದು ಡೀಟ್‌ಮಾರ್ ಬಾಯಿ ತೆರೆದ. ಆದರೆ ಹಾಳಾದ ತುಟಿಗಳು ಇನ್ನೂ ಅಗಲವಾಗಿಯೇ ಇದ್ದವು, ಮಾತು ಯಾರೂ ನಂಬುವಂತೆ ಬರಲಿಲ್ಲ.

ರೋಸ್‌ವಿತಾ ಮೇಜಿನ ಮೇಲಿದ್ದ ತನ್ನ ಹೆಲ್ಮೆಟ್ಟು ತಲೆಗೇರಿಸಿದಳು. ಉಲ್ರಿಕೆ ಎದ್ದು ಜಾಕೆಟ್ಟು ಹುಡುಕತೊಡಗಿದಳು.

"ನೀನು ಕೂತ್ಕೋ ಉಲ್ರಿಕೆ," ಎಂದಳು ರೋಸ್‌ವಿತಾ. ಬಂದು ಕೆಂಪು ಬೈಕಿನ ಹಿಂದಿನ ಸೀಟು ಹತ್ತಿದಳು. ಎರಡೂ ಕೈ ಚಾಚಿ ಗಂಡನ ಸೊಂಟವನ್ನು, ಕಳ್ಳನನ್ನು ಠಾಣೆಗೆ ಎಳೆದೊಯ್ಯುವ ಹಾಗೆ, ಉಸಿರು ಕಟ್ಟುವಷ್ಟು ಬಿಗಿಯಾಗಿ ಹಿಡಿದಳು.

"ಹೊರಡು. ಬಂದ ದಾರೀಲೇ ವಾಪಸ್ಸು. ಎಲ್ಲೆಲ್ಲಿ ನಕ್ಕೆ, ಅಲ್ಲಲ್ಲಿ ನಿಲ್ಲಿಸಿ ತೋರಿಸು."

"ರೋಸ್‌ವಿತಾ, ನಾನಿನ್ನೂ ಊಟ ಮಾಡಿಲ್ಲ..."

"ತೋರಿಸು ಅಂದೆ."

ಅವತ್ತು ಸಂಜೆ ಹದಿಮೂರು ತಿರುವುಗಳಲ್ಲಿ ಬೈಕು ನಿಂತಿತು. ಒಂದೊಂದರಲ್ಲೂ ಅವಳು ಹೆಲ್ಮೆಟ್ಟಿನ ಗಾಜು ಎತ್ತಿ, ಹುಲ್ಲುಗಾವಲನ್ನೂ ಹೊಳೆಯನ್ನೂ ಕೂಲಂಕಷವಾಗಿ ನೋಡಿ, "ಹೂಂ, ಇಲ್ಲೇನು ನಗೋ ಅಂಥದ್ದು? ಮುಂದೆ!" ಎಂದಳು. (ನಿಜವಾಗಿ ಅವನು ನಕ್ಕಿದ್ದು ನಲವತ್ತು ಕಡೆ. ಜೀವಮಾನದಲ್ಲಿ ಮೊದಲ ಸಲ ಡೀಟ್‌ಮಾರ್ ತೂಕದಲ್ಲಿ ಕಡಿಮೆ ಕೊಟ್ಟ.)