ನೀರಾ ಎಂಬ ಲೋಪಸಂಧಿ

ಸುಳ್ಳು ಹೇಳುವವನಿಗೆ ವ್ಯಾಕರಣ ಗೊತ್ತಿರಬಾರದು. ಗೊತ್ತಿದ್ದರೆ ಸುಳ್ಳು ತೀರ ಶುದ್ಧವಾಗಿಬಿಡುತ್ತದೆ. ಇದನ್ನು ಸ್ವಾನುಭವದಿಂದ ಬರೆಯುತ್ತಿದ್ದೇನೆ, ನಾಚಿಕೊಂಡೇ ಬರೆಯುತ್ತಿದ್ದೇನೆ. ಬಹಳ ವರ್ಷ ಕನ್ನಡ ಮೇಷ್ಟರಾಗಿದ್ದು, ಈಗ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವನು ನಾನು. ಹೆಂಡತಿ ಸಾವಿತ್ರಿ ಸಾಮಾನಿನ ಪಟ್ಟಿಯಲ್ಲಿ ‘ಬೇಳೆ’ಯನ್ನು ‘ಬೆಳೆ’ ಎಂದು ಬರೆದಳೆಂದು ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ಅಂಗಡಿಗೆ ಹೋಗದೆ ಪಟ್ಟಿಯನ್ನು ಹಿಂದಿರುಗಿಸಿದ್ದೂ ಉಂಟು. ಅಂದು ನಮ್ಮ ಮನೆಯಲ್ಲಿ ಸಾರಿರಲಿಲ್ಲ.

ನಾವು ಜಯನಗರಕ್ಕೆ ಬಂದ ಹೊಸತರಲ್ಲಿ ಅಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚಾಗಿದ್ದವು. ಬಡಾವಣೆಗಿಂತ ವೇಗವಾಗಿ ನನ್ನ ಹೊಟ್ಟೆ ವಿಸ್ತರಿಸುತ್ತಿದ್ದುದನ್ನು ಕಂಡ ಪಕ್ಕದ ಮನೆಯ ಶಾಮಣ್ಣ, “ಬನ್ನಿ ಮೇಷ್ಟ್ರೇ, ಭಾನುವಾರ ನಾಲ್ಕು ಜನ ಓಡ್ತೀವಿ, ನೀವೂ ಸೇರ್ಕೊಳ್ಳಿ” ಎಂದ. ನಸುಕಿನಲ್ಲಿ ಹೊರಟು ಪುಟ್ಟೇನಹಳ್ಳಿ ಕೆರೆಯವರೆಗೆ ಓಟ. ಅಲ್ಲಿ ಈಚಲ ಮರಗಳ ಬುಡದಲ್ಲಿ ಮುನಿಯಪ್ಪ ಮಡಕೆ ಇಳಿಸಿ ಕಾದಿರುತ್ತಿದ್ದ. ಸೂರ್ಯ ಹುಟ್ಟುವ ಮೊದಲು ಕುಡಿದರೆ ಅದು ನೀರಾ: ಎಳನೀರಿನ ಹಾಗೆ ಸಿಹಿ, ನಿರಪರಾಧಿ. ಬಿಸಿಲೇರಿದಂತೆ ಅದೇ ರಸ ಹುಳಿತು ನೊರೆಗಟ್ಟಿ ಹೆಂಡವಾಗುತ್ತದೆ. ಗೆಳೆಯರು ನೀರಾ ಕುಡಿದು ಮುಗಿಸಿ ಎಷ್ಟೋ ಹೊತ್ತಾದ ಮೇಲೆ ನಾನು ಏದುಸಿರು ಬಿಡುತ್ತ ತಲುಪುತ್ತಿದ್ದೆ. ಮೊದಲ ವಾರ ಅದು ನಿಜವಾಗಿಯೂ ಹೊಟ್ಟೆಯ ಭಾರದಿಂದ ಆದ ವಿಳಂಬ. ಎರಡನೆಯ ವಾರದಿಂದ, ಹೇಳಿಬಿಡುತ್ತೇನೆ, ಗಟ್ಟಿಯಾಗಿಯೇ ಇದ್ದ ಬೂಟಿನ ಲಾಡಿಯನ್ನು ದಾರಿಯಲ್ಲಿ ನಾಲ್ಕು ಬಾರಿ ಬಿಚ್ಚಿ ಕಟ್ಟುತ್ತಿದ್ದೆ.

ಸಾವಿತ್ರಿಯ ತಂದೆ ಊರೂರು ತಿರುಗಿ ಪಾನನಿರೋಧದ ಭಾಷಣ ಮಾಡಿದವರು. “ನಮ್ಮನೆಯವರು ಕಾಫಿನೂ ಅರ್ಧ ಲೋಟಾನೇ” ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಒಂದು ಭಾನುವಾರ ನಾನು ಹೊಸಿಲು ದಾಟುತ್ತಿದ್ದಂತೆ ಮೂಗರಳಿಸಿದಳು.

“ಏನೂಂದ್ರೆ, ಎಂಥದೋ ಹುಳಿ ವಾಸನೆ! ಕೆರೆ ಹತ್ರ ಏನಾದ್ರೂ ಕುಡಿದ್ರಾ?”

“ಕುಡಿದೆ.”

“ನೀರಾ?”

ನೀರು ಎಂಬ ನಾಮಪದಕ್ಕೆ ಪ್ರಶ್ನಾರ್ಥಕವಾದ ‘ಆ’ ಸೇರಿದಾಗ ಉಕಾರವು ಲೋಪವಾಗಿ ‘ನೀರಾ’ ಎಂದಾಗುತ್ತದೆ, ಲೋಪಸಂಧಿ. ಅವಳು ಕೇಳಿದ್ದು ಅದನ್ನು. ನಾನು ಆ ಇನ್ನೊಂದು ನೀರಾವನ್ನು ಮನಸ್ಸಿನಲ್ಲಿಟ್ಟುಕೊಂಡು, “ಹೌದು, ನೀರಾ” ಎಂದೆ. ಎಷ್ಟು ಚೊಕ್ಕ ಉತ್ತರವೆಂದು ಒಳಗೊಳಗೇ ಬೀಗಿದೆ ಕೂಡ. ಆದರೆ ಕುಡಿದದ್ದು ನೀರೂ ಅಲ್ಲ, ನೀರಾವೂ ಅಲ್ಲ. ಸೂರ್ಯ ಆಗಲೇ ಮರದ ಮೇಲಿದ್ದ.

“ಅಯ್ಯೋ, ಆ ಕೆರೆ ನೀರು ಕುಡಿದ್ರಾ? ಅದಕ್ಕೇ ಈ ವಾಸನೆ! ಹೊಟ್ಟೆ ಕೆಟ್ರೆ ಏನ್ ಗತಿ?” ಎಂದು ಅವಳು ಜೀರಿಗೆ ಕಷಾಯ ಕಾಸಿಕೊಟ್ಟಳು. ಮುಂದಿನ ಭಾನುವಾರ ನನಗಿಂತ ಮೊದಲೇ ಎದ್ದು, ನೀರು ಕುದಿಸಿ, ಸೋಸಿ, ಸೀಸೆಗೆ ತುಂಬಿ, ಹೆಗಲಿಗೆ ನೇತುಹಾಕಿಕೊಳ್ಳಲು ದಾರವನ್ನೂ ಕಟ್ಟಿ ಕೊಟ್ಟಳು. “ಇದನ್ನೇ ಕುಡೀರಿ, ನನ್ನಾಣೆ” ಎಂದಳು. ಆ ನೀರಿನಿಂದ ನಾನು ಏನು ಮಾಡಿದೆನೆಂದು ಬರೆಯಲು ಲೇಖನಿ ಹಿಂಜರಿಯುತ್ತದೆ. ಹೆಂಡದ ವಾಸನೆ ಹೋಗುವಂತೆ ಬಾಯಿ ಮುಕ್ಕಳಿಸಿದೆ. ಒಂದಲ್ಲ, ಮೂರು ಭಾನುವಾರ.

ನಾಲ್ಕನೆಯ ಭಾನುವಾರ ಸೀಸೆ ತುಂಬುವಾಗ ಬಿಸಿ ನೀರು ಚೆಲ್ಲಿ ಅವಳ ಬೆರಳು ಕೆಂಪಾಯಿತು. “ಏನಿಲ್ಲ, ನೀವು ಹೊರಡಿ” ಎಂದಳು. ಅವಳಿಗೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಅಂದು ಆಡಿದ ಮಾತನ್ನಾದರೂ ಇಂದು ನಿಜ ಮಾಡೋಣ, ಸೂರ್ಯ ಹುಟ್ಟುವ ಮೊದಲೇ ತಲುಪಿ ನೀರಾವನ್ನೇ ಕುಡಿದು ಬರೋಣ ಎಂದು ನಿಶ್ಚಯಿಸಿ ಓಡಿದೆ. ಲಾಡಿ ಮುಟ್ಟಲಿಲ್ಲ. ಶಾಮಣ್ಣನನ್ನೂ ಹಿಂದೆ ಹಾಕಿ, ಎಲ್ಲರಿಗಿಂತ ಮೊದಲು ಈಚಲ ಮರದ ಕೆಳಗೆ ನಿಂತೆ. ಆಕಾಶ ಇನ್ನೂ ಬೂದುಬಣ್ಣದಲ್ಲಿತ್ತು.

ಮುನಿಯಪ್ಪ ಮಡಕೆಯನ್ನೂ ನನ್ನನ್ನೂ ನೋಡಿದ. “ಇದೇನ್ ಮೇಷ್ಟ್ರೇ, ಇಷ್ಟ್ ಬಿರ್ನೆ ಬಂದ್ಬುಟ್ರಿ? ಇದಿನ್ನೂ ನೀರಾ. ನಿಮ್ದು ಆಗಾಕೆ ಇನ್ನೂ ಹೊತ್ತೈತೆ, ಕೂತ್ಕಳಿ.”

ಆ ಮಾತಿನಲ್ಲಿ ತಿದ್ದಲು ಒಂದು ತಪ್ಪೂ ಇರಲಿಲ್ಲ. ಹೆಗಲಲ್ಲಿದ್ದ ಸೀಸೆ ಇನ್ನೂ ಬೆಚ್ಚಗಿತ್ತು. ನಾನು ಕುಳಿತೆ.