ಗಾಳಿಯ ಪೈಪಿನಲ್ಲಿ ಬೀಡುಬಿಟ್ಟಿರುವ ನೀರಿನವರ ಸನ್ನಿಧಿಗೆ

ಮಾನ್ಯರೇ,

ಮೋಡಗಳಲ್ಲಿ ಹುಟ್ಟಿ, ನದಿಗಳಲ್ಲಿ ಬೆಳೆದು, ಸಮುದ್ರದ ತುಂಬ ಬಂಧುಬಳಗವನ್ನು ಇಟ್ಟುಕೊಂಡಿದ್ದರೂ, ನಮ್ಮ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಗಾಳಿಗೆಂದೇ ಹಾಕಿಸಿದ ಪೈಪಿನೊಳಗೆ ವಾಸ ಮಾಡುವ ದೊಡ್ಡ ಮನಸ್ಸು ತೋರಿರುವ ತಮಗೆ, ಈ ಮನೆಯ ಯಜಮಾನಿಯೂ ಸದರಿ ಶೆಡ್ಡಿನ ಏಕೈಕ ಕೆಲಸಗಾರ್ತಿಯೂ ಆದ ನನ್ನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬೇರೆ ಕೇಳಿ ತಿಳಿಯಬೇಕಾಗಿಲ್ಲ. ನನ್ನ ಕೈಯಲ್ಲಿರುವ, ಗಾಳಿ ಚಿಮ್ಮಿಸುವ ಗನ್ನಿನ ಮೂತಿಯಿಂದ ತಾವು ಆಗಾಗ ನನ್ನ ಮುಖ ಕಾಯುವ ಗಾಜಿನ ಮೇಲೆಯೇ ಬಂದು ಆ ಸುದ್ದಿ ಮುಟ್ಟಿಸುತ್ತಿದ್ದೀರಿ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಗಾಳಿಯ ಒತ್ತಡದಿಂದ ಒರಟು ಪುಡಿಯನ್ನು ಕಬ್ಬಿಣದ ಮೇಲೆ ಚಿಮ್ಮಿಸಿ ತುಕ್ಕನ್ನು ಬುಡಸಮೇತ ಕೀಳುವ ಕೆಲಸಕ್ಕೆ ಸ್ಯಾಂಡ್‌ಬ್ಲಾಸ್ಟಿಂಗ್ ಎನ್ನುತ್ತಾರೆ. ಅದು ನನಗೆ ಬರುವ ವಿದ್ಯೆ, ಮತ್ತು ಮನೆಯಲ್ಲಿ ಕೈಕಟ್ಟಿ ಕೂರುವುದು ನನಗೆ ಬಾರದ ವಿದ್ಯೆ. ಹೀಗಾಗಿ ಶೆಡ್ಡು, ಹೀಗಾಗಿ ಗಾಳಿ ಹಿಂಡುವ ಕಂಪ್ರೆಸರು, ಹೀಗಾಗಿ ತಮ್ಮ ಪರಿಚಯದ ಭಾಗ್ಯ. ಈ ಕೆಲಸಕ್ಕೆ ಬೇಕಾದದ್ದು ಒಣಗಾಳಿ ಒಂದೇ. ತಾವು ಒಂದು ಹನಿ ಕಾಲಿಟ್ಟರೂ ಪುಡಿ ನೆನೆದು ಮುದ್ದೆಯಾಗಿ ಗನ್ನಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬೀದಿಯ ಕೊನೆಯ ದರ್ಜಿ ನಮ್ಮ ಶೆಡ್ಡಿನ ಮೊದಲ ಗಿರಾಕಿ. ತನ್ನ ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳನ್ನು ಬಿಚ್ಚಿ ತಂದುಕೊಟ್ಟು, ತುಕ್ಕು ತೆಗೆದು ಬಣ್ಣ ಬಳಿದು ಕೊಡಿ ಎಂದು ಕೇಳಿದ್ದ. ನಾನು ಬೆಳ್ಳಗೆ ಹೊಳೆಯುವಂತೆ ತುಕ್ಕು ಕಿತ್ತೆ. ಬಣ್ಣದ ಡಬ್ಬ ತೆರೆಯುವಷ್ಟರಲ್ಲಿ ತಾವು ಗಾಳಿಯ ಬೆನ್ನೇರಿ ಬಂದು ಹಚ್ಚಿಹೋದ ತೇವದಿಂದ ಆ ಕಾಲುಗಳು ಮತ್ತೆ ಕಾವಿ ಮೆತ್ತಿಕೊಂಡಂತೆ ಕೆಂಚಗಾಗಿದ್ದವು. ಮತ್ತೆ ಕಿತ್ತೆ, ತಾವು ಮತ್ತೆ ಬಂದಿರಿ. ಆ ಪುಣ್ಯಾತ್ಮ ಯಂತ್ರದ ತಲೆಯನ್ನು ಮಣೆಯ ಮೇಲಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈಯಿಂದ ಚಕ್ರ ತಿರುಗಿಸಿ ಹೊಲಿಯುತ್ತಾ, ದಿನವೂ ಬೇಲಿಯಾಚೆಯಿಂದ "ಅಕ್ಕಾ, ನನ್ ಕಾಲು ಬಂತಾ?" ಎಂದು ಕೇಳುತ್ತಾನೆ. ದಾರಿಯಲ್ಲಿ ಹೋಗುವವರು ಅವನ ಕಾಲನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿಕೊಂಡು ಹೋಗುತ್ತಾರೆ.

ಇನ್ನು ತಮಗೆ ಬಹುಕಾಲದಿಂದ ಪರಿಚಿತರಾದ ನಮ್ಮ ಯಜಮಾನರ ವಿಷಯ. ನೀರು ಸರಬರಾಜು ಕಚೇರಿಯಲ್ಲಿ ಪೈಪು ಹಾಕಿಯೇ ಅವರ ಆಯುಷ್ಯ ಸವೆಯಿತು. ತಮ್ಮನ್ನು ಜನರ ನಲ್ಲಿಗೆ ತಲುಪಿಸಲು ಅವರು ಎಷ್ಟು ರಸ್ತೆ ಅಗೆದರು, ಎಷ್ಟು ಊಟಗಳನ್ನು ಅರ್ಧಕ್ಕೆ ಬಿಟ್ಟೆದ್ದರು, ಎಷ್ಟು ಜನ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೇ ಬಂದು ಅವರಿಗೆ ಛೀಮಾರಿ ಹಾಕಿದರು ಎಂಬುದು ತಮಗೆ ಚೆನ್ನಾಗಿ ಗೊತ್ತಿದೆ, ಏಕೆಂದರೆ ಆಗೆಲ್ಲ ಬಾರದೆ ಉಳಿದವರು ತಾವೇ. ಅವರು ಅಷ್ಟು ಬೇಡಿಕೊಂಡಾಗ ಅಡುಗೆಮನೆಯ ನಲ್ಲಿಯಲ್ಲಿ ಬರೀ ಗಾಳಿ ಬಿಟ್ಟು ಬುಸ್ ಎನಿಸಿದ ತಾವು, ಈಗ ಗಾಳಿ ಬೇಕೆಂದಾಗ ಶೆಡ್ಡಿನ ಪೈಪಿನಲ್ಲಿ ತಪ್ಪದೆ ಹಾಜರಾಗುತ್ತಿರುವುದನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿದೆ ಎಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ.

ನಿವೃತ್ತಿಯ ನಂತರ ಯಜಮಾನರು ವರಾಂಡದ ಕುರ್ಚಿಗೆ ಅಂಟಿಕೊಂಡಿದ್ದರು. ಮಾತಿಗೆ ಹೂಂ, ಊಟಕ್ಕೆ ಹೂಂ, ಫ್ಯಾನು ನಿಂತರೂ ಹೂಂ. ಶೆಡ್ಡಿಗೆ ಗಾಳಿಯ ಲೈನು ಬೇಕೆಂದು ನಾನು ಬಾಯಿಬಿಟ್ಟ ದಿನವೇ ಎದ್ದು, ಹಳೆಯ ಪೈಪ್ ರೆಂಚಿಗೆ ಎಣ್ಣೆ ಹಾಕಿದರು. ಸೀಟಿ ಹೊಡೆಯುತ್ತಾ ಏಣಿ ಹತ್ತಿದರು. ಪ್ರತಿ ಜೋಡಣೆಗೂ ಸಣಬಿನ ನಾರು ಸುತ್ತಿ, ಸೋಪಿನ ನೊರೆ ಸವರಿ, ಗಾಳಿ ಸೋರದೆ ಒಂದು ಗುಳ್ಳೆಯೂ ಏಳದ್ದನ್ನು ನನ್ನನ್ನು ಕರೆದು ತೋರಿಸಿದರು. ಮದುವೆಯಾದ ಹೊಸತರಲ್ಲಿ ಕೂಡ ಅವರು ಅಷ್ಟು ಸಂಭ್ರಮದಿಂದ ನನ್ನನ್ನು ಕರೆದದ್ದು ನನಗೆ ನೆನಪಿಲ್ಲ.

ಆದರೆ ಅವರು ಹಾಕಿದ್ದು ನೀರಿನ ಲೈನು. ನೀರಾದರೆ ಪೈಪು ನಲ್ಲಿಯ ಕಡೆಗೆ ಇಳಿಜಾರಾಗಿರಬೇಕು, ಕವಲು ದೊಡ್ಡ ಪೈಪಿನ ಹೊಟ್ಟೆಯಿಂದ ಕೆಳಕ್ಕೆ ಇಳಿಯಬೇಕು, ಒಳಗೆ ಹನಿಯೂ ಉಳಿಯಬಾರದು. ಅವರ ಕೈಗೆ ಗೊತ್ತಿರುವುದು ಅಷ್ಟೇ, ಮತ್ತು ಅದನ್ನು ಅವರು ಎಳ್ಳಷ್ಟೂ ತಪ್ಪಿಲ್ಲದೆ ಮಾಡಿದ್ದಾರೆ. ಕಂಪ್ರೆಸರು ಗಾಳಿಯನ್ನು ಹಿಂಡಿದಾಗ ಆವಿಯಾಗಿ ಜೊತೆಗೆ ಬರುವ ತಾವು, ಪೈಪಿನ ತಂಪಿಗೆ ಹನಿಗಟ್ಟಿ, ಆ ಅಂದವಾದ ಇಳಿಜಾರಿನಲ್ಲಿ ಮೆರವಣಿಗೆ ಹೊರಟು ನೇರ ನನ್ನ ಗನ್ನಿಗೆ ಇಳಿಯುತ್ತೀರಿ. ಕಾರ್ಖಾನೆಯಲ್ಲಿ ಪ್ರತಿ ಕವಲೂ ಪೈಪಿನ ನೆತ್ತಿಯಿಂದ ಮೇಲಕ್ಕೆ ಹೊರಟು, ಕೊಡೆಯ ಹಿಡಿಯಂತೆ ಬಾಗಿ ಕೆಳಗೆ ಬರುತ್ತಿತ್ತು; ಅಷ್ಟು ಎತ್ತರ ಹತ್ತಲು ತಮ್ಮವರಿಂದ ಆಗುತ್ತಿರಲಿಲ್ಲ. ಇಳಿಜಾರಿನ ಕೊನೆಯಲ್ಲಿ ತಮ್ಮಂಥವರನ್ನು ಹೊರಹಾಕಲು ಒಂದು ನಲ್ಲಿ ಇರುತ್ತಿತ್ತು. ಅಂಥದ್ದೊಂದು ನಲ್ಲಿ ಇಡಬಾರದೇ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, ಸುಮ್ಮನೆ ನೀರು ಹರಿಯಬಿಡುವ ನಲ್ಲಿಯನ್ನು ಕೈಯಾರೆ ಹಾಕುವುದಿಲ್ಲ ಎಂದರು. ಏಣಿಯ ಮೇಲೆ ಸೀಟಿ ನಿಂತಿತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಬೀಗ ಹಾಕಿಕೊಂಡದ್ದರ ಫಲವನ್ನು ಕೇಳಿ. ಯಜಮಾನರು ಮೊದಲು ಪುಡಿ ಸರಿಯಿಲ್ಲವೆಂದು ಬಿಸಿಲಿಗೆ ಹರವಿದರು. ಆಮೇಲೆ ಗನ್ನು ಸರಿಯಿಲ್ಲವೆಂದು ಬಿಚ್ಚಿದರು. ಕೊನೆಗೆ ಕಂಪ್ರೆಸರಿನ ಮೇಲೆ ಕಣ್ಣು ಬಿತ್ತು. ಆ ಪಾಪದ ಯಂತ್ರವನ್ನು ಅವರು ಬೈದ ಬೈಗುಳವನ್ನು ಬಹಿರಂಗ ಪತ್ರದಲ್ಲಿ ಬರೆಯುವಂತಿಲ್ಲ. ನಿನ್ನೆ ಊಟದ ತಟ್ಟೆಯ ಮುಂದೆ ಕೂತು, ನನ್ನ ಕಡೆ ನೋಡದೆ, "ಈ ವಯಸ್ಸಲ್ಲಿ ನಮಗ್ಯಾಕೆ ಬೇಕು ಇದೆಲ್ಲ? ಕಂಪ್ರೆಸರ್ ಕೊಟ್ಬಿಡೋಣ, ತೊಗೊಳ್ಳೋರು ನಾಳೆ ನೋಡೋಕೆ ಬರ್ತಾರೆ. ನನ್ ಕೈಲಿ ಆಗ್ತಿಲ್ಲ ಕಣೇ" ಎಂದರು. ಆಮೇಲೆ ಹೋಗಿ ಆ ಕುರ್ಚಿಯಲ್ಲಿ ಕೂತರು. ನನ್ನ ಶೆಡ್ಡು ಹೋದರೆ ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತೇನೆ. ಅವರು ಮತ್ತೆ ಆ ಕುರ್ಚಿಗೆ ಅಂಟಿಕೊಂಡರೆ ಎಬ್ಬಿಸಲು ನನ್ನ ಬಳಿ ಬೇರೆ ಉಪಾಯವಿಲ್ಲ. ನನಗೆ ಭಯವಾಗಿದೆ, ಮಾನ್ಯರೇ.

ಆದ್ದರಿಂದ ತಮ್ಮಲ್ಲಿ ಕಳಕಳಿಯ ವಿನಂತಿ. ದಯಮಾಡಿ ತಾವು ಇಂದಿನಿಂದ ಇಳಿಜಾರಿನಲ್ಲಿ ಮೇಲಕ್ಕೆ ಹರಿಯಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನಾನು ಗನ್ನು ಹಿಡಿದಿರುವಷ್ಟು ಹೊತ್ತು ಪೈಪಿನ ಮೇಲ್ಗೋಡೆಗೆ ಹಲ್ಲಿಯಂತೆ ಕಚ್ಚಿಕೊಂಡು ತಲೆಕೆಳಗಾಗಿ ಇರಬೇಕು. ಅದೂ ಆಗದಿದ್ದರೆ ಗಾಳಿಯಲ್ಲಿ ಇರುವುದನ್ನೇ ಬಿಟ್ಟು, ಬೇಕಿದ್ದರೆ ನಮ್ಮ ಅಡುಗೆಮನೆಯ ನಲ್ಲಿಗೆ ಒಮ್ಮೆಯಾದರೂ ದಯಮಾಡಿಸಬೇಕು. ಅಲ್ಲಿ ಪಾತ್ರೆಗಳು ತಮ್ಮ ದಾರಿ ಕಾಯುತ್ತಿವೆ. ಮೂರರಲ್ಲಿ ಯಾವುದೂ ಆಗದೆಂದು ತಾವು ಮುಖ ತಿರುಗಿಸುವುದಾದರೆ, ತಮ್ಮ ತಪ್ಪು ಏನೂ ಇಲ್ಲವೆಂದು ಒಪ್ಪಿಕೊಂಡು, ಹೇಳಬೇಕಾದವರಿಗೇ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಇಷ್ಟು ವರ್ಷ ಸಂಸಾರ ಮಾಡಿಯೂ ಆ ಒಂದು ಮಾತು ನನ್ನ ಗಂಟಲಲ್ಲಿ, ಆ ನೆನೆದ ಪುಡಿಯ ಹಾಗೆಯೇ, ಸಿಕ್ಕಿಕೊಂಡಿದೆ.

ತಮ್ಮ ಮೇಲೆ ಹನಿಯಷ್ಟೂ ವಿಶ್ವಾಸ ಉಳಿಯದಿದ್ದರೂ,
ತಮ್ಮ ವಿಶ್ವಾಸಿ,
ಹಿತ್ತಿಲ ಶೆಡ್ಡಿನ ಕೆಲಸಗಾರ್ತಿ

ತಾ.ಕ.: ತಮಗೆ ಓದಲು ಬಾರದೆಂಬುದು ನನಗೆ ಗೊತ್ತು. ಈ ಪತ್ರವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದೇನೆ. ಬಾಗಿಲಿಗೆ ಅಂಟಿಸಿದ್ದನ್ನೆಲ್ಲ ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿನವರೆಗೆ ಓದುವವರು ಈ ಮನೆಯಲ್ಲಿ ಒಬ್ಬರಿದ್ದಾರೆ. ರೀ, ಕಂಪ್ರೆಸರ್ ನೋಡೋಕೆ ಬಂದವರನ್ನ ನಾನೇ ವಾಪಸ್ ಕಳಿಸಿದೀನಿ. ಏಣಿ ಹಾಕಿದೀನಿ, ಕೆಳಗಡೆ ನಾನು ಹಿಡ್ಕೋತೀನಿ, ಬನ್ನಿ.