ನಲ್ಲೆ ಬಾರದ ಮೂರು ದಿನ

ಎಲ್ಲ ತೊಂದರೆಗೂ ಕಾರಣ ಎಂಟು ಸಾಲಿನ ಒಂದು ಕವನ. ಬರೆದವರು ನೀರು ಸರಬರಾಜು ಕಚೇರಿಯ ಸಾಹೇಬರು. ಸಾಹೇಬರು ಬರೆದದ್ದನ್ನು ಓದದೆ ಬಿಡುವ ಧೈರ್ಯ ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಓದಿ ಅರ್ಥ ಮಾಡಿಕೊಳ್ಳಬೇಕೆಂಬ ಹಟ ಮಾತ್ರ ಒಬ್ಬನಿಗಿತ್ತು, ದೂರು ವಿಭಾಗದ ಗುಮಾಸ್ತನಿಗೆ.

ಮಾತೆತ್ತಿದರೆ ‘ಯಾಕೆ’ ಎನ್ನುತ್ತಿದ್ದುದರಿಂದ ಅವನನ್ನು ಎಲ್ಲರೂ ಯಾಕಪ್ಪ ಎಂದೇ ಕರೆಯುತ್ತಿದ್ದರು. ಯಾರಾದರೂ ಕತೆ ಓದಿ ಕಣ್ಣು ತುಂಬಿಕೊಂಡರೆ ಇವನು ಪಕ್ಕಕ್ಕೆ ಬಂದು, “ಯಾವ ಸಾಲಿನಲ್ಲಿ ಅಳು ಬಂತು, ಯಾಕೆ ಬಂತು?” ಎಂದು ಕೇಳುತ್ತಿದ್ದ. ಅವನಿಗೇನೂ ಭಾವನೆಯ ಮೇಲೆ ದ್ವೇಷವಿರಲಿಲ್ಲ. ಭಾವನೆ ಬರಲಿ, ಆದರೆ ಬಂದ ಕಾರಣವನ್ನು ಬಾಗಿಲಲ್ಲೇ ತಿಳಿಸಿ ಒಳಗೆ ಬರಲಿ ಎಂಬುದಷ್ಟೇ ಅವನ ವಾದ.

ಹನ್ನೊಂದು ವರ್ಷದಿಂದ ಅವನು ದೂರಿನ ಕಿಟಕಿಯ ಹಿಂದೆ ಕೂತು ಊರಿನ ಬೈಗುಳವನ್ನೆಲ್ಲ ಕೇಳಿಸಿಕೊಂಡಿದ್ದ. ಮಹಡಿಯ ಮೇಲಿನ ಪುಸ್ತಕದ ಕೋಣೆ ಅವನ ಕನಸು. ಅಲ್ಲಿ ಆರು ಕಪಾಟು, ಒಂದು ಫ್ಯಾನು, ಜನರತ್ತ ತೆರೆಯುವ ಒಂದೂ ಕಿಟಕಿಯಿಲ್ಲ. ಅಲ್ಲಿದ್ದವರು ಹೋದ ತಿಂಗಳು ನಿವೃತ್ತರಾಗಿದ್ದರು. ಆ ಜಾಗಕ್ಕೆ ಅರ್ಜಿ ಹಾಕಿದವರು ಇಬ್ಬರೇ, ಯಾಕಪ್ಪ ಮತ್ತು ಟೈಪಿಸ್ಟ್ ಅಕ್ಕ. “ಇವತ್ತು ಸಂಜೆ ಕಚೇರಿ ಪತ್ರಿಕೆ ಬಿಡುಗಡೆ ಇದೆಯಲ್ಲ, ಇಬ್ಬರೂ ನನ್ನ ಕವನದ ಮೇಲೆ ಹತ್ತು ಹತ್ತು ನಿಮಿಷ ಮಾತಾಡಿ. ಕೇಳಿ ತೀರ್ಮಾನ ಮಾಡ್ತೀನಿ” ಎಂದಿದ್ದರು ಸಾಹೇಬರು.

ಬೆಳಿಗ್ಗೆ ಪತ್ರಿಕೆ ಎಲ್ಲರ ಮೇಜಿಗೂ ಬಂತು. ಮೊದಲ ಪುಟದಲ್ಲೇ ಕವನ:

ನಲ್ಲೆ, ನೀ ಬಾರದೆ ಮೂರು ದಿನವಾಯಿತು,
ಕೊಡ ಬರಿದಾಯಿತು, ಎದೆಯೂ.
ನಸುಕಿನಲಿ ಎದ್ದು ಕಿವಿಗೊಟ್ಟು ಕೂತೆ,
ಒಂದೇ ನಿಟ್ಟುಸಿರು, ಮತ್ತೆ ಮೌನ.
ಪಕ್ಕದ ಮನೆಗೆ ದಿನವೂ ಬರುವೆಯಂತೆ,
ಅಲ್ಲಿ ಉಕ್ಕುವೆಯಂತೆ, ಹಾಡುವೆಯಂತೆ.
ನಿನ್ನ ಕಿವಿ ಹಿಂಡಿ ಹಿಂಡಿ
ನನ್ನ ಕೈಯೆಲ್ಲ ಕೆಂಪಾಯಿತು.

ಪತ್ರಿಕೆಯನ್ನು ಪೂರ್ತಿ ಟೈಪ್ ಮಾಡಿದವಳು ಟೈಪಿಸ್ಟ್ ಅಕ್ಕನೇ. ಆಗ ಒಮ್ಮೆ ಅತ್ತಿದ್ದಳು, ಈಗ ಅಚ್ಚಿನಲ್ಲಿ ನೋಡಿ ಮತ್ತೊಮ್ಮೆ ಅತ್ತಳು.

“ಎಂಥ ವಿರಹ ರೀ ಇದು. ಪಾಪ, ಸಾಹೇಬ್ರು ಒಳಗೊಳಗೇ ಎಷ್ಟು ನೊಂದಿದಾರೋ.”

“ಯಾಕೆ?” ಎಂದ ಯಾಕಪ್ಪ.

“ಯಾಕೆ ಅಂದ್ರೆ? ನಲ್ಲೆ ಬಂದಿಲ್ಲ.”

“ಅದು ಸರಿ ಅಕ್ಕ. ಬಾರದೇ ಇರೋಳ ಕಿವಿ ಹಿಂಡಿದ್ದು ಹೇಗೆ?”

“ಕವನ ಕಣ್ರೀ ಅದು. ಅನುಭವಿಸಬೇಕು, ವಿಚಾರಣೆ ಮಾಡಬಾರದು.”

ಅಷ್ಟರಲ್ಲಿ ಮೀಟರ್ ರೀಡರ್ ಕುರ್ಚಿ ಎಳೆದುಕೊಂಡು ಬಂದ. ಊರಿನ ಮನೆಮನೆಯ ಹಿತ್ತಲು ನೋಡಿದವನು, ಅವನಿಗೆ ಗೊತ್ತಿಲ್ಲದ ಸುದ್ದಿಯಿಲ್ಲ. “ಪಕ್ಕದ ಮನೆ ಅಂತ ಬಿಡಿಸಿ ಬರ್ದಿದಾರಲ್ಲ, ಇನ್ನೇನು ಬೇಕು?” ಎಂದು ದನಿ ತಗ್ಗಿಸಿದ. “ಸಾಹೇಬ್ರ ಮನೆ ಮೇಡಂ ಪಕ್ಕದ ಮನೆಗೆ ಹೋಗೋದನ್ನ ನಾನೇ ಕಣ್ಣಾರೆ ನೋಡಿದೀನಿ. ಹೋಗುವಾಗ ಬಿರಬಿರನೆ ಹೋಗ್ತಾರೆ. ವಾಪಸ್ ಬರುವಾಗ ಹೆಜ್ಜೆ ಬಹಳ ನಿಧಾನ.”

“ನಿಧಾನ ಯಾಕೆ?”

“ಮನಸ್ಸು ಭಾರ ಆಗಿರತ್ತಲ್ಲ ಸ್ವಾಮಿ.”

ಹನ್ನೊಂದು ಗಂಟೆಯ ಹೊತ್ತಿಗೆ ಇಡೀ ಕಚೇರಿ ಸಾವಿನ ಮನೆಯಂತಾಯಿತು. ಸಾಹೇಬರು ಕೋಣೆಯಿಂದ ಹೊರಬಂದರೆ ಎಲ್ಲರೂ ತಲೆ ತಗ್ಗಿಸಿದರು. ಚಹಾ ತಂದವನು ಕೇಳದೆಯೇ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ, “ಧೈರ್ಯವಾಗಿರಿ ಸಾರ್” ಎಂದ. ಸಾಹೇಬರು ಏನೂ ತಿಳಿಯದೆ ಚಹಾ ಕುಡಿದರು.

ಯಾಕಪ್ಪ ಮಾತ್ರ ದೂರಿನ ಖಾಲಿ ನಮೂನೆಯೊಂದನ್ನು ತೆಗೆದು ಕವನವನ್ನು ಅದರಲ್ಲಿ ತುಂಬಿಸಿದ. ದೂರುದಾರರು: ಸಾಹೇಬರು. ಎಷ್ಟು ದಿನದಿಂದ: ಮೂರು. ಪರಿಣಾಮ: ಕೊಡ ಖಾಲಿ. ಪಕ್ಕದ ಮನೆಯ ಸ್ಥಿತಿ: ಚೆನ್ನಾಗಿದೆ. ಎಲ್ಲವೂ ಸಲೀಸಾಗಿ ಕೂತವು. ‘ಯಾರ ಮೇಲೆ ದೂರು’ ಎಂಬಲ್ಲಿ ಪೆನ್ನು ನಿಂತಿತು. ಬಾರದವಳ ಕಿವಿ ಕೈಗೆ ಸಿಗದು, ಕಿವಿ ಸಿಕ್ಕರೆ ಅವಳು ಬಂದಂತೆಯೇ ಲೆಕ್ಕ. ಎಡವಟ್ಟು ಇಲ್ಲೇ ಇದೆ ಎಂದುಕೊಂಡು, ಊಟದ ಬಿಡುವಿನಲ್ಲಿ ಸೈಕಲ್ ಹತ್ತಿ ನೇರವಾಗಿ ಸಾಹೇಬರ ಮನೆಗೆ ಹೋದ. ಬುದ್ಧಿವಂತರು ಇಂಥ ಕಡೆ ಹೋಗುವುದಿಲ್ಲ, ತರ್ಕ ಮಾಡುವವರು ಹೋಗುತ್ತಾರೆ.

ಬಾಗಿಲು ತೆರೆದವರು ಸಾಹೇಬರ ಹೆಂಡತಿ.

“ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಮೂರು ದಿನದಿಂದ ಮನೇಲೇ ಇದ್ದೀರಾ?”

“ಮನೇಲಿ ಇರದೆ ಎಲ್ಲಿಗೆ ಹೋಗ್ಲಿ?”

“ಪಕ್ಕದ ಮನೆಗೆ?”

“ದಿನಾ ಹೋಗ್ತೀನಿ. ಏನೀಗ?”

ಯಾಕಪ್ಪನ ಬಳಿ ಇನ್ನೊಂದೇ ಪ್ರಶ್ನೆ ಉಳಿದಿತ್ತು. “ಸಾಹೇಬ್ರು ನಿಮ್ಮ ಕಿವಿ ಹಿಂಡ್ತಾರಾ?”

ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಸಂಜೆ ಸಭೆಗೆ ನಾನೂ ಬರ್ತೀನಿ. ಅಲ್ಲೇ ಮಾತಾಡೋಣ” ಎಂದು ಬಾಗಿಲು ಹಾಕಿಕೊಂಡರು.

ಕೆಲಸ ಕೆಟ್ಟಿತು ಎಂದು ಯಾಕಪ್ಪನಿಗೆ ಮೈಯೆಲ್ಲ ಬೆವರಿತು. ಅಂಗಳದ ಮೂಲೆಯಲ್ಲಿ ಎರಡೂ ಕಡೆ ಕಿವಿ ಚಾಚಿದ ಹಳೆಯ ಹಿತ್ತಾಳೆ ನಲ್ಲಿ ಇತ್ತು. ಮುಖ ತೊಳೆಯೋಣವೆಂದು ಹೋಗಿ ಅದರ ಕಿವಿ ತಿರುವಿದ. ಬಿಗಿಯಾಗಿತ್ತು. ಮತ್ತೆ ಹಿಂಡಿದ. ನಲ್ಲಿ ‘ಸ್ಸ್…’ ಎಂದು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಯಾಕಪ್ಪ ತನ್ನ ಅಂಗೈ ನೋಡಿಕೊಂಡ. ಕೆಂಪಾಗಿತ್ತು. ಅಲ್ಲಿಯೇ ಕಲ್ಲಿನ ಮೇಲೆ ಕೂತು ಕಿಸೆಯಿಂದ ನಮೂನೆ ತೆಗೆದು, ಖಾಲಿ ಬಿಟ್ಟಿದ್ದ ಜಾಗ ತುಂಬಿದ.

ಆದರೆ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ನಲ್ಲೆ ಎಂದರೆ ಮೇಡಂ ಸುಮ್ಮನಿರುವುದಿಲ್ಲ. ನಲ್ಲಿ ಎಂದರೆ ಊರಿಗೆಲ್ಲ ನೀರು ಕೊಡುವ ಸಾಹೇಬರ ಮನೆಯಲ್ಲೇ ನೀರಿಲ್ಲ ಎಂದು ಸಭೆಯಲ್ಲಿ ಸಾರಿದ ಹಾಗೆ. ಎರಡರಲ್ಲಿ ಯಾವುದನ್ನು ಹೇಳಿದರೂ ಪುಸ್ತಕದ ಕೋಣೆಗೆ ಕಲ್ಲು ಬೀಳುವುದು ಖಚಿತ. ಕೊನೆಗೆ, ಬೀಳುವುದೇ ಆದರೆ ನಿಜ ಹೇಳಿಯೇ ಬೀಳಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಅವನಲ್ಲಿ ನನಗೆ ಇಷ್ಟವಾಗುವುದು ಇದೊಂದೇ ಗುಣ.

ಸಂಜೆ ಸಭೆ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಮೇಡಂ ಕೈ ಕಟ್ಟಿ ಕೂತಿದ್ದರು. ಮೊದಲು ಟೈಪಿಸ್ಟ್ ಅಕ್ಕ ಮಾತಾಡಿದಳು. ಹತ್ತು ನಿಮಿಷದಲ್ಲಿ ಎಂಟು ನಿಮಿಷ ಅತ್ತಳು. ಉಳಿದ ಎರಡರಲ್ಲಿ, “ಹೋದವರು ಒಂದಲ್ಲ ಒಂದು ದಿನ ಬಂದೇ ಬರ್ತಾರೆ ಸಾರ್” ಎಂದು ಕೈಮುಗಿದಳು. ಸಭೆಯೆಲ್ಲ ಮೂಗು ಒರೆಸಿಕೊಂಡಿತು. “ಯಾರ್ರೀ ಹೋಗಿದ್ದು?” ಎಂದು ಮೇಡಂ ಕೂತಲ್ಲಿಂದಲೇ ಗಂಡನನ್ನು ಕೇಳಿದರು. ಸಾಹೇಬರು ಕನ್ನಡಕ ಒರೆಸಿಕೊಂಡರು.

ಯಾಕಪ್ಪ ಎದ್ದು ನಿಂತ. ಪತ್ರಿಕೆಯ ಮೊದಲ ಪುಟ ಬಿಡಿಸಿ ಹಿಡಿದ.

“ಅಳೋ ಮೊದಲು ಕವನ ಏನು ಹೇಳತ್ತೆ ಅಂತ ನೋಡೋಣ. ಬರದೇ ಇರೋಳ ಕಿವಿ ಕೈಗೆ ಸಿಗಲ್ಲ. ಹಾಗಾದ್ರೆ ಇದು ಮನೇಲೇ ಇದ್ದೂ ‘ಬರಲಿಲ್ಲ’ ಅನ್ನಿಸಿಕೊಳ್ಳೋ ವಸ್ತು. ನಮ್ಮ ಮಾತಲ್ಲಿ ಅಂಥದ್ದು ಯಾವುದು? ‘ನಿಮ್ಮನೇಲಿ ಬಂತಾ, ನಮ್ಮನೇಲಿ ಬರಲಿಲ್ಲ’ ಅಂತ ದಿನಾ ಯಾವುದನ್ನ ಕೇಳ್ತೀವಿ? ಅದಿಲ್ಲದಿದ್ರೆ ಕೊಡ ಖಾಲಿ. ಬರೋ ಮುಂಚೆ ನಿಟ್ಟುಸಿರು ಬಿಡತ್ತೆ. ಮೇಡಂ ಬಿರಬಿರನೆ ಹೋಗೋದು ಖಾಲಿ ಬಕೆಟ್ ಹಿಡ್ಕೊಂಡು, ನಿಧಾನ ಬರೋದು ತುಂಬಿದ ಬಕೆಟ್ ಹಿಡ್ಕೊಂಡು. ಸಭಿಕರೇ, ಮೊದಲ ಪದದಲ್ಲಿ ಎತ್ವ ತೆಗೆದು ಗುಡಿಸು ಕೊಡಿ. ಅದು ನಲ್ಲೆ ಅಲ್ಲ, ನಲ್ಲಿ.”

ಸಭೆಯೆಲ್ಲ ಪತ್ರಿಕೆ ತೆರೆದು ಮೊದಲ ಸಾಲು ನೋಡಿತು. ಟೈಪಿಸ್ಟ್ ಅಕ್ಕ ಮೆಲ್ಲಗೆ ಎದ್ದಳು. “ಸಾಹೇಬ್ರ ಕೈಬರಹದಲ್ಲಿ ನಲ್ಲಿ ಅಂತಾನೇ ಇತ್ತು. ಅಷ್ಟು ದೊಡ್ಡವರು ನಲ್ಲಿ ಮೇಲೆ ಕವನ ಬರೀತಾರಾ ಅಂತ ನಾನೇ ತಿದ್ದಿದೆ” ಎಂದಳು.

ಸಾಹೇಬರು ವೇದಿಕೆಯಿಂದ ಇಳಿದು ಬಂದರು. ಮುಗಿಯಿತು ಎಂದು ಯಾಕಪ್ಪ ಕಣ್ಣು ಮುಚ್ಚಿದ. ಸಾಹೇಬರು ಅವನನ್ನು ಬಿಗಿಯಾಗಿ ಅಪ್ಪಿಕೊಂಡರು.

“ಒಬ್ಬರಿಗಾದರೂ ಅರ್ಥ ಆಯ್ತಲ್ಲಪ್ಪ. ಈ ಕಚೇರಿ ಯಜಮಾನ ನಾನೇ, ನಾನು ಹೋಗಿ ಯಾರಿಗೆ ದೂರು ಕೊಡ್ಲಿ? ಅದಕ್ಕೇ ಕವನ ಅಂತ ಬರೆದೆ. ಬೆಳಿಗ್ಗೆಯಿಂದ ಎಲ್ಲರೂ ನನ್ನ ಹೆಂಡತಿ ಮನೆ ಬಿಟ್ಟು ಹೋದ ಹಾಗೆ ನೋಡ್ತಿದಾರೆ.”

“ಬರೆದಾಗ ಮೂರು ದಿನ. ಈಗ ಮೂರು ವಾರ” ಎಂದರು ಮೇಡಂ. ಯಾಕಪ್ಪನ ಕಡೆ ನೋಡಿದಾಗ ಮಾತ್ರ ಅವರ ಮುಖ ಸಡಿಲವಾಯಿತು.

ಯಾಕಪ್ಪನ ಎದೆ ಉಬ್ಬಿತು. ಆರು ಕಪಾಟು, ಒಂದು ಫ್ಯಾನು ಕಣ್ಣ ಮುಂದೆ ಬಂದು ನಿಂತವು. ಸಾಹೇಬರು ಬೀಗದ ಕೈ ತೆಗೆದು ಎತ್ತಿ ಹಿಡಿದರು. ಹಿಡಿದು, ಟೈಪಿಸ್ಟ್ ಅಕ್ಕನ ಕೈಗೆ ಹಾಕಿದರು.

“ಯಾಕೆ ಸಾರ್?” ಎಂದ ಯಾಕಪ್ಪ.

“ನಿಮ್ಮ ದಾರೀಲೇ ಹೇಳ್ತೀನಿ, ನೋಡಿ. ಜನ ದೂರು ಕೊಡುವಾಗ ಅಳ್ತಾರೆ, ಬೈತಾರೆ, ಶಾಪ ಹಾಕ್ತಾರೆ. ಆ ಗಲಾಟೆ ನಡುವೆ ಕೆಟ್ಟಿರೋ ನಲ್ಲಿ ಯಾವುದು ಅಂತ ಕಂಡುಹಿಡಿಯೋರು ಇಡೀ ಕಚೇರೀಲಿ ನೀವೊಬ್ಬರೇ, ಅದನ್ನ ಈಗ ನೀವೇ ಸಾಬೀತು ಮಾಡಿದ್ರಿ. ಅಂಥವರನ್ನ ಆ ಕಿಟಕಿಯಿಂದ ಎಬ್ಬಿಸಿದ್ರೆ ಊರಿನ ಗತಿ ಏನು? ನಾಳೆಯಿಂದ ಪಕ್ಕದ ಕಿಟಕಿ ದೂರೂ ನಿಮಗೇ. ಇನ್ನು ಅಕ್ಕನ್ನ ಟೈಪ್ ಮಾಡೋಕೆ ಬಿಟ್ರೆ ಮುಂದಿನ ಆದೇಶದಲ್ಲಿ ಏನೇನು ತಿದ್ದುತ್ತಾರೋ. ಪುಸ್ತಕ ಎಲ್ಲ ಆಗಲೇ ಅಚ್ಚಾಗಿವೆ, ಅಲ್ಲಿ ತಿದ್ದೋಕೆ ಏನೂ ಇಲ್ಲ.”

ಯಾಕಪ್ಪ ಆ ಮಾತನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ತಡಕಿದ. ಒಂದು ಕಡೆಯೂ ಎಡವಟ್ಟು ಸಿಗಲಿಲ್ಲ. ತರ್ಕ ಅಷ್ಟು ಅಚ್ಚುಕಟ್ಟಾಗಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಕೇಳಲು ಇನ್ನೊಂದು ‘ಯಾಕೆ’ ಉಳಿದಿರಲಿಲ್ಲ. ಕೈಯಲ್ಲಿ ಪತ್ರಿಕೆ ಹಿಡಿದು ನಿಂತಲ್ಲೇ ಅವನ ಕಣ್ಣಿಂದ ದಳದಳನೆ ನೀರು ಇಳಿಯಿತು.

ಟೈಪಿಸ್ಟ್ ಅಕ್ಕ ಹತ್ತಿರ ಬಂದು ಬೆನ್ನು ಸವರಿದಳು.

“ಅಳಿ, ಅಳಿ. ಈಗ ನೋಡಿ, ನಿಮಗೆ ಕವನ ಅರ್ಥ ಆಗಿದ್ದು.”